ಟೋಕನ್ ಇಟ್ಟ ಮೇಲಿನ ಅರ್ಧ ನಿಮಿಷ

ದರ್ಶಿನಿಯಲ್ಲಿ ಕಾಫಿ ಕೊಡುವವನು ಗಿರಾಕಿಯ ಮುಖ ನೋಡುವುದಿಲ್ಲ ಅನ್ನುವ ದೂರು ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಕಿವಿಗೆ ಬೀಳುತ್ತದೆ. ಟೋಕನ್ ಇಟ್ಟು ಸುಮ್ಮನೆ ನಿಂತವರನ್ನು ಬಿಟ್ಟು, ಹಿಂದಿನಿಂದ ಕೈ ಚಾಚಿದವರಿಗೆ ಲೋಟ ಹೋಗುತ್ತದೆ. ಸಕ್ಕರೆ ಬೇಡ ಅಂದವರಿಗೆ ಸಿಹಿ ಕಾಫಿ ಬರುತ್ತದೆ, ಕೇಳಿದರೆ "ಮೊದಲೇ ಹೇಳ್ಬೇಕಿತ್ತು" ಅನ್ನುವ ಉತ್ತರ ಸಿಗುತ್ತದೆ. ಲೋಟದ ಅಂಚಿನಲ್ಲಿ ಹಿಂದೆ ಕುಡಿದವರ ಹಾಲಿನ ಕಲೆ ಹಾಗೇ ಇರುತ್ತದೆ. ಒಂದು ಲೋಟ ಕಾಫಿಗೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಾ ಅಂತ ಕೇಳುವವರಿದ್ದಾರೆ. ಕೆಡಿಸಿಕೊಳ್ಳಲೇಬೇಕು ಅನ್ನುವುದು ನನ್ನ ನಿಲುವು. ನೈಟ್ ಡ್ಯೂಟಿ ಮುಗಿಸಿ ಬರುವ ನರ್ಸಿಗೆ, ವಾಕಿಂಗ್ ಮುಗಿಸಿದ ನಿವೃತ್ತ ಮೇಷ್ಟ್ರಿಗೆ, ಒಬ್ಬರೇ ಬದುಕುವ ಎಷ್ಟೋ ಜನರಿಗೆ ಆ ಕೌಂಟರಿನಲ್ಲಿ ಆಡುವ ನಾಲ್ಕು ಮಾತೇ ದಿನದ ಮೊದಲ ಮಾತು.

ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಗಿದ್ದು 1983ರಲ್ಲಿ. ಅಲ್ಲಿಂದ ಹರಡಿದ ಪದ್ಧತಿ ಇದು: ಕುರ್ಚಿ ಇಲ್ಲ, ಮಾಣಿ ಇಲ್ಲ, ಅಡುಗೆಮನೆ ಕಣ್ಣೆದುರಿಗೇ ಇದೆ, ದುಡ್ಡು ಮೊದಲು ಕೊಟ್ಟು ನಿಂತುಕೊಂಡು ತಿನ್ನಬೇಕು. ಕೂರುವ ಹೋಟೆಲಿನಲ್ಲಿ, ಉದಾಹರಣೆಗೆ 1943ರಿಂದ ಇರುವ ಗಾಂಧಿಬಜಾರಿನ ವಿದ್ಯಾರ್ಥಿ ಭವನದಂಥ ಕಡೆ, ಮಾಣಿ ಮೇಜಿನ ಹತ್ತಿರ ಬರುತ್ತಾನೆ, ಕೇಳುತ್ತಾನೆ, ತರುತ್ತಾನೆ, ಇನ್ನೇನು ಬೇಕು ಅನ್ನುತ್ತಾನೆ. ಒಂದು ಕಡೆ ಎಡವಿದರೆ ಇನ್ನೊಂದು ಕಡೆ ಸರಿಮಾಡಿಕೊಳ್ಳಲು ಅವನಿಗೆ ಅವಕಾಶವಿದೆ. ದರ್ಶಿನಿಯಲ್ಲಿ ಗಿರಾಕಿ ಕುರ್ಚಿಯನ್ನೂ ಮಾಣಿಯನ್ನೂ ಬಿಟ್ಟುಕೊಟ್ಟಿದ್ದಾನೆ, ತಟ್ಟೆಯನ್ನೂ ತಾನೇ ತೊಟ್ಟಿಗೆ ಹಾಕುತ್ತಾನೆ. ಅವನಿಗೆ ಉಳಿದಿರುವ ಸರ್ವಿಸ್ ಅಂದರೆ ಟೋಕನ್ ಇಟ್ಟ ಕ್ಷಣದಿಂದ ಲೋಟ ಕೈಗೆ ಬರುವವರೆಗಿನ ಅರ್ಧ ನಿಮಿಷ. ಅದೂ ಕೆಟ್ಟರೆ ಅವನ ಪಾಲಿಗೆ ಬೇರೇನೂ ಇಲ್ಲ. ಹಾಗೆಂದು ಆ ಅರ್ಧ ನಿಮಿಷ ಕೆಡುವುದು ಬರೀ ಕೊಡುವವನ ಗುಣದಿಂದ ಅಂತ ತಿಳಿದರೆ ತಪ್ಪಾಗುತ್ತದೆ. ಬಹುತೇಕ ಸಲ ಅದು ಗಂಟೆಗಟ್ಟಲೆ ಮುಂಚೆಯೇ, ಒಳಗಿನ ಒಲೆಯ ಹತ್ತಿರ, ಕೆಟ್ಟಿರುತ್ತದೆ.

ಡಿಕಾಕ್ಷನ್‌ನಿಂದ ಶುರುಮಾಡೋಣ. ಹೋಟೆಲಿನ ದೊಡ್ಡ ಫಿಲ್ಟರಿಗೆ ಅರ್ಧ ಕೆಜಿ ಪುಡಿ ಹಾಕಿ ಸುಮಾರು 3 ಲೀಟರ್ ನೀರು ಹುಯ್ದರೆ ಕೆಳಗಿಳಿಯುವುದು 2 ಲೀಟರಿನ ಆಸುಪಾಸು. ಉಳಿದದ್ದನ್ನು ಪುಡಿಯೇ ಹೀರಿಕೊಳ್ಳುತ್ತದೆ. ಒಂದು ಲೋಟಕ್ಕೆ 20ರಿಂದ 25 ಮಿಲಿ ಅಂತ ಲೆಕ್ಕ ಹಾಕಿದರೆ 80ರಿಂದ 100 ಕಾಫಿ ಆಯಿತು. ಅಷ್ಟು ಡಿಕಾಕ್ಷನ್ ಇಳಿಯಲು ಅರ್ಧ ಗಂಟೆ ಬೇಕು, ಪುಡಿ ನುಣ್ಣಗಿದ್ದರೆ ಇನ್ನೂ ಜಾಸ್ತಿ. ನೀರು ಕುದಿ ಬಂದು ಸ್ವಲ್ಪ ತಣಿದಿರಬೇಕು, 90ರಿಂದ 95 ಡಿಗ್ರಿ. ಪುಡಿಯನ್ನು ಮೇಲಿನ ತಟ್ಟೆಯಿಂದ ಹದವಾಗಿ ಒತ್ತಬೇಕು. ಒತ್ತದೇ ಬಿಟ್ಟರೆ ನೀರು ಓಡಿಹೋಗಿ ತೆಳ್ಳಗಿನ ಡಿಕಾಕ್ಷನ್ ಬರುತ್ತದೆ, ಬಲವಾಗಿ ಒತ್ತಿದರೆ ಫಿಲ್ಟರ್ ಕಟ್ಟಿಕೊಂಡು ಹನಿ ನಿಂತೇಬಿಡುತ್ತದೆ.

ಈಗ ಬೆಳಗಿನ ರಶ್ಶನ್ನು ನೆನಪಿಸಿಕೊಳ್ಳಿ. ಏಳೂವರೆಗೆ ಜನ ಶುರುವಾಗಿ ಹತ್ತರವರೆಗೆ ನಿಲ್ಲುವುದಿಲ್ಲ. ಮೊದಲ ಫಿಲ್ಟರು ಎಂಟೂಕಾಲಿಗೆ ಖಾಲಿಯಾಗುತ್ತದೆ ಅಂದರೆ ಎರಡನೇ ಫಿಲ್ಟರಿಗೆ ಏಳೂವರೆಗೇ ಪುಡಿ ಬಿದ್ದಿರಬೇಕು. ಬಿದ್ದಿರುವುದಿಲ್ಲ. ಆಗ ಮೂರು ದಾರಿ. ಹಳೇ ಗಸಿಯ ಮೇಲೇ ಮತ್ತೆ ಬಿಸಿನೀರು ಹುಯ್ದು ಎರಡನೇ ಡಿಕಾಕ್ಷನ್ ಇಳಿಸುವುದು, ಪುಡಿಯನ್ನು ನೇರವಾಗಿ ನೀರಿಗೆ ಹಾಕಿ ಕುದಿಸಿ ಸೋಸುವುದು, ಇಲ್ಲವೇ ಇರುವುದನ್ನೇ ಲೋಟಕ್ಕೆ 10 ಮಿಲಿಯಂತೆ ಎಳೆದು ಹಾಲು ಜಾಸ್ತಿ ಮಾಡುವುದು. ಮೂರರಲ್ಲಿ ಯಾವುದಾದರೂ ಗಿರಾಕಿಗೆ ನಾಲಿಗೆಯ ಮೇಲೇ ಗೊತ್ತಾಗುತ್ತದೆ. "ಸ್ಟ್ರಾಂಗ್ ಕೊಡಿ ಅಂದ್ರೆ ಹಾಲು ಕೊಟ್ರಲ್ಲಾ" ಅಂತ ಅವರು ಕೇಳುತ್ತಾರೆ. ಕೌಂಟರಿನಲ್ಲಿ ನಿಂತವನ ಹತ್ತಿರ ಕೊಡಲು ಸ್ಟ್ರಾಂಗ್ ಇಲ್ಲ, ಹೇಳಲು ಉತ್ತರವೂ ಇಲ್ಲ. ಅವನು ಮುಖ ತಿರುಗಿಸುತ್ತಾನೆ. ನಾವು ಅದನ್ನು ದುರಹಂಕಾರ ಅಂತ ಓದುತ್ತೇವೆ.

ಇಳಿದ ಡಿಕಾಕ್ಷನ್‌ನ ಆಯಸ್ಸು ಎರಡು ಮೂರು ಗಂಟೆ. ಆಮೇಲೆ ಘಮ ಹೋಗಿ ಕಹಿ ಮುಂದೆ ಬರುತ್ತದೆ. ಅದನ್ನು ನೇರ ಉರಿಯ ಮೇಲೆ ಬಿಸಿ ಮಾಡಿದರೆ ಕತೆ ಅಲ್ಲಿಗೇ ಮುಗಿಯಿತು. ಬಿಸಿನೀರಿನ ಪಾತ್ರೆಯೊಳಗೆ ಡಿಕಾಕ್ಷನ್ ಪಾತ್ರೆ ಇಟ್ಟು ಬೆಚ್ಚಗಿಡಬೇಕು. ಮಧ್ಯಾಹ್ನ ಮೂರಕ್ಕೆ ಹೋಗಿ ಕುಡಿದವರು ಕಾಫಿ ಕಹಿ ಅನ್ನುವುದಕ್ಕೆ ಕಾರಣ ಬೆಳಗ್ಗೆ ಮಿಕ್ಕಿದ್ದನ್ನು ಸಂಜೆಯ ಮೊದಲ ಫಿಲ್ಟರು ಇಳಿಯುವವರೆಗೂ ಎಳೆಯುವುದು.

ಪುಡಿಯ ವಿಷಯ ಬಂದರೆ ಚಿಕೋರಿಯನ್ನು, ಅಂದರೆ ಕಾಫಿಗೆ ಬೆರೆಸುವ ಹುರಿದ ಬೇರಿನ ಪುಡಿಯನ್ನು, ಬಿಡುವಂತಿಲ್ಲ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ ಕನಿಷ್ಠ 51 ಭಾಗ ಇರಬೇಕು, ಅಂದರೆ ಚಿಕೋರಿ 49 ದಾಟುವಂತಿಲ್ಲ, ಮತ್ತು ಎಷ್ಟೆಂದು ಪ್ಯಾಕೆಟ್ ಮೇಲೆ ಹಾಕಲೇಬೇಕು. ಇದು ಕಾನೂನು. 80:20 ಹದವಾದ ಕಾಫಿ. 60:40ಕ್ಕೆ ಹೋದರೆ ಬಣ್ಣ ಗಾಢವಾಗುತ್ತದೆ, ಮಂದವಾಗುತ್ತದೆ, ಪುಡಿ ಕಡಿಮೆ ಸಾಕಾಗುತ್ತದೆ, ಆದರೆ ಕಾಫಿಯ ರುಚಿ ಹಿಂದೆ ಸರಿಯುತ್ತದೆ. ಪುಡಿಯಲ್ಲಿ ಚಿಕೋರಿ ಇದೆಯಾ ಅಂತ ನೋಡಲು ಒಂದು ಗಾಜಿನ ಲೋಟ ತಣ್ಣೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿದರೆ ಸಾಕು. ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಬಿಡುತ್ತಾ ತಳಕ್ಕಿಳಿಯುತ್ತದೆ. ಚಿಕೋರಿ ಹಾಕುವುದು ತಪ್ಪಲ್ಲ, ಎಷ್ಟೋ ಮನೆಗಳಲ್ಲಿ ಅದೇ ರುಚಿಗೆ ನಾಲಿಗೆ ಒಗ್ಗಿದೆ. ಆದರೆ ಗಿರಾಕಿ ಕೇಳಿದಾಗ ಮಾಲೀಕರು ನೇರವಾಗಿ ಹೇಳಬೇಕು. "ನಮ್ದು ಪ್ಯೂರ್ ಸಾರ್" ಅಂತ ಹೇಳಿ 60:40 ಕೊಡುವುದು ಕೆಟ್ಟ ಸರ್ವಿಸ್‌ಗಿಂತಲೂ ಕೆಟ್ಟದ್ದು.

ಇನ್ನು ಹಾಲು. ದರ್ಶಿನಿ ಕಾಫಿಯಲ್ಲಿ ಮುಕ್ಕಾಲಿಗೂ ಹೆಚ್ಚು ಭಾಗ ಇದೇ, ಹಾಗಾಗಿ ಅರ್ಧಕ್ಕರ್ಧ ದೂರುಗಳ ಮೂಲವೂ ಇಲ್ಲಿದೆ. ಟೋನ್ಡ್ ಹಾಲಿನಲ್ಲಿ ಕೊಬ್ಬು ನೂರಕ್ಕೆ 3 ಭಾಗ, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ 4.5, ಫುಲ್ ಕ್ರೀಮಿನಲ್ಲಿ 6. ಟೋನ್ಡ್ ಹಾಲಿಗೆ ನೀರು ಬೆರೆಸಿದರೆ ಎಷ್ಟು ಒಳ್ಳೇ ಡಿಕಾಕ್ಷನ್ ಹಾಕಿದರೂ ಕಾಫಿ ನೀರುನೀರೇ. ಹಾಲಿನ ದರ ಏರಿದಾಗಲೆಲ್ಲ, 2025ರ ಏಪ್ರಿಲ್ 1ರಿಂದ ನಂದಿನಿ ಲೀಟರಿಗೆ 4 ರೂಪಾಯಿ ಏರಿದ ಹಾಗೆ, ಕೆಲವರು ಲೋಟದ ದರ ಏರಿಸುತ್ತಾರೆ, ಕೆಲವರು ದರ ಹಾಗೇ ಇಟ್ಟು ನೀರು ಏರಿಸುತ್ತಾರೆ. ಮೊದಲನೆಯವರ ಮೇಲೆ ಜನ ಎರಡು ದಿನ ಗೊಣಗಿ ಸುಮ್ಮನಾಗುತ್ತಾರೆ. ಎರಡನೆಯವರ ಅಂಗಡಿಗೆ ಏನೂ ಹೇಳದೆ ಹೋಗುವುದನ್ನೇ ಬಿಡುತ್ತಾರೆ.

ಬೆಳಗಿನ ಜಾವ ಒಲೆಗೇರಿದ ಹತ್ತು ಲೀಟರಿನ ಪಾತ್ರೆ ಸಣ್ಣ ಉರಿಯಲ್ಲಿ ಕುದಿಯುತ್ತಲೇ ಇದ್ದರೆ ತಳ ಹಿಡಿಯುತ್ತದೆ. ಸೀದ ವಾಸನೆ ಒಮ್ಮೆ ಹಿಡಿದರೆ ಆ ಪಾತ್ರೆಯ ಅಷ್ಟೂ ಹಾಲಿಗೆ ಹರಡುತ್ತದೆ, ಸಕ್ಕರೆ ಜಾಸ್ತಿ ಹಾಕಿದರೂ ಮುಚ್ಚಿಡಲು ಆಗುವುದಿಲ್ಲ. ಹಾಲು ಅರ್ಧಕ್ಕಿಳಿದಾಗ ಫ್ರಿಜ್ಜಿನಿಂದ ತೆಗೆದ ಐದು ಪ್ಯಾಕೆಟ್ ಕತ್ತರಿಸಿ ಅದಕ್ಕೇ ಸುರಿಯುತ್ತಾರೆ. ಮುಂದಿನ ಹತ್ತು ನಿಮಿಷ ಬಂದವರಿಗೆಲ್ಲ ಉಗುರುಬೆಚ್ಚಗಿನ ಕಾಫಿ. ಸ್ಟೀಲ್ ಲೋಟವೂ ಶಾಖ ಎಳೆದುಕೊಳ್ಳುವುದರಿಂದ ಬಾಯಿಗಿಡುವ ಹೊತ್ತಿಗೆ ಅದು ಇನ್ನೂ ಆರಿರುತ್ತದೆ. ಇದಕ್ಕೆ ಪರಿಹಾರ ಸರಳ: ಹತ್ತು ಲೀಟರಿನ ಒಂದು ಪಾತ್ರೆಯ ಬದಲು ಐದೈದು ಲೀಟರಿನ ಎರಡು. ಒಂದರಿಂದ ಬಡಿಸುತ್ತಿರುವಾಗ ಇನ್ನೊಂದು ಕಾಯುತ್ತಿರಬೇಕು, ಖಾಲಿಯಾದ ಪಾತ್ರೆ ತೊಳೆದೇ ಮತ್ತೆ ಒಲೆಗೆ ಹೋಗಬೇಕು. ಬೆಳಗಿನ ಹಾಲಿಗೆ ಮಧ್ಯಾಹ್ನದ ಹಾಲು ಸೇರಿಸಲೇಬಾರದು. ಸ್ವಲ್ಪ ಹುಳಿ ತಿರುಗಿದ್ದರೂ ಡಿಕಾಕ್ಷನ್ ಸೋಕಿದ ಕೂಡಲೇ ಒಡೆಯುತ್ತದೆ, ಯಾಕೆಂದರೆ ಡಿಕಾಕ್ಷನ್ ಕೂಡ ಹುಳಿ ಗುಣದ್ದೇ. ಲೋಟದಲ್ಲಿ ಸಣ್ಣ ಸಣ್ಣ ಬಿಳಿ ಚೂರು ತೇಲುವುದು ಕಂಡರೆ ಅದು ಕೆನೆಯಲ್ಲ. ಕೆನೆ ಪದರವಾಗಿ ಕಟ್ಟುತ್ತದೆ, ಒಡೆದ ಹಾಲು ರವೆಯಂತೆ ಚೂರಾಗಿ ನಿಲ್ಲುತ್ತದೆ. ಅದನ್ನು ಕುಡಿಯದೇ ವಾಪಸ್ ಕೊಡಿ.

ಸಕ್ಕರೆಯ ಜಗಳ ಇದಕ್ಕೆ ಹೊಂದಿಕೊಂಡೇ ಬರುತ್ತದೆ. ಸಮಯ ಉಳಿಸಲು ಹಾಲಿನ ಪಾತ್ರೆಗೇ ಸಕ್ಕರೆ ಸುರಿದಿಡುವ ಅಂಗಡಿಗಳಿವೆ. ಅಲ್ಲಿ ಸಕ್ಕರೆ ಬೇಡ ಅಂದವರಿಗೆ ಮೂಲೆಯ ಸಣ್ಣ ಪಾತ್ರೆಯ ಆರಿದ ಹಾಲು, ಸಕ್ಕರೆ ಕಡಿಮೆ ಅಂದವರಿಗೆ ಏನೂ ಇಲ್ಲ. ಮಧುಮೇಹ ಇರುವವರು ದಿನಾ ಬರುವ ಬಡಾವಣೆಯ ಅಂಗಡಿಯಲ್ಲಿ ಇದು ಸಲ್ಲದು. ಲೋಟಕ್ಕೆ ಮೊದಲು ಸಕ್ಕರೆ, ಅದರ ಮೇಲೆ ಡಿಕಾಕ್ಷನ್, ಆಮೇಲೆ ಎತ್ತರದಿಂದ ಹಾಲು. ಹಾಲು ಬೀಳುವ ರಭಸಕ್ಕೇ ಸಕ್ಕರೆ ಕರಗಿ ನೊರೆ ಏಳುತ್ತದೆ. ಎರಡು ಚಮಚ ಹಾಕಲು ಎರಡು ಸೆಕೆಂಡು ಸಾಕು. ಬಿಲ್ ಹಾಕುವಲ್ಲೇ ಶುಗರ್‌ಲೆಸ್ ಅಂತ ಟೋಕನ್ ಮೇಲೆ ಅಚ್ಚಾಗಿ ಬರಬೇಕು. ಗಲ್ಲಾದಲ್ಲಿ ಹೇಳಿದ್ದು ಕಾಫಿ ಕೌಂಟರಿಗೆ ಮುಟ್ಟದಿರುವುದೇ "ಮೊದಲೇ ಹೇಳ್ಬೇಕಿತ್ತು" ಅನ್ನುವ ಮಾತಿನ ಮೂಲ. ಗಿರಾಕಿ ಹೇಳಿರುತ್ತಾರೆ, ಆದರೆ ಇನ್ನೊಬ್ಬರಿಗೆ.

ಒಳ್ಳೇ ಕೈಯ ಕಾಫಿಯವನನ್ನು ಐದು ನಿಮಿಷ ನಿಂತು ನೋಡಬೇಕು. ಎಂಟು ಲೋಟ ಸಾಲಾಗಿ ಇಟ್ಟುಕೊಳ್ಳುತ್ತಾನೆ. ಎಡಗೈಯಲ್ಲಿ ಡಿಕಾಕ್ಷನ್ ಪಾತ್ರೆ, ಒಂದೇ ಓಟದಲ್ಲಿ ಎಂಟಕ್ಕೂ. ಲೋಟ ಎತ್ತಿ ನೋಡುವುದಿಲ್ಲ, ಬೀಳುವ ಹೊತ್ತಿನಲ್ಲೇ ಅಳತೆ ಇದೆ. ಆಮೇಲೆ ಹಾಲಿನ ಸೌಟು. ಅಷ್ಟರಲ್ಲಿ ಬಲಗಡೆಯ ಟೋಕನ್ ಎರಡು ಬೆರಳಲ್ಲಿ ಎಳೆದು ಹರಿದು ಡಬ್ಬಿಗೆ ಹಾಕಿರುತ್ತಾನೆ. ಕಣ್ಣು ಮಾತ್ರ ಮೇಲೆ, ಮುಂದೆ ನಿಂತವರ ಮೇಲೆ. "ಅಮ್ಮಾ ನಿಮ್ದು ಎರಡು, ಒಂದು ಸಕ್ಕರೆ ಇಲ್ದೇ ಅಲ್ವಾ?" ಕೈಗೆ ಬೇಕಾದದ್ದು ಕೈಯಳತೆಯಲ್ಲಿ ಇದ್ದಾಗ ಮಾತ್ರ ಕಣ್ಣಿಗೆ ಬಿಡುವು ಸಿಗುತ್ತದೆ. ಲೋಟಕ್ಕೆ ಹಿಂದೆ ತಿರುಗಬೇಕು, ಸಕ್ಕರೆ ಡಬ್ಬಿಗೆ ಬಗ್ಗಬೇಕು, ಹಾಲಿಗೆ ಒಳಗೆ ಕೂಗಬೇಕು ಅನ್ನುವ ಕೌಂಟರಿನಲ್ಲಿ ಎಂಥ ಸೌಜನ್ಯದವನೂ ನಿಮ್ಮ ಮುಖ ನೋಡಲಾರ.

ಟೋಕನ್ ಸರದಿ ತಪ್ಪುವುದಕ್ಕೂ ಕಾರಣ ಜಾಗವೇ. ಕೌಂಟರಿನ ಉದ್ದಕ್ಕೂ ಎಲ್ಲಿ ಬೇಕಾದರೂ ಟೋಕನ್ ಇಡಬಹುದು ಅಂದರೆ ಕೈ ಉದ್ದ ಇದ್ದವರದ್ದು ಗೆಲ್ಲುತ್ತದೆ. ವಯಸ್ಸಾದವರು, ಮಗು ಎತ್ತಿಕೊಂಡವರು, ನುಗ್ಗಲು ಸಂಕೋಚಪಡುವವರು ಹಿಂದುಳಿಯುತ್ತಾರೆ. ಟೋಕನ್ ಚುಚ್ಚುವ ಮೊಳೆ ಒಂದೇ ಇರಬೇಕು, ಒಂದೇ ತುದಿಯಲ್ಲಿ ಇರಬೇಕು, ಲೋಟ ಇನ್ನೊಂದು ತುದಿಯಿಂದ ಬರಬೇಕು. ಇದಕ್ಕೆ ಖರ್ಚಿಲ್ಲ. ಪಾರ್ಸೆಲ್ಲಿಗೆ ಬೇರೆ ಕಡೆ ಮಾಡಬೇಕು. ಸ್ವಿಗ್ಗಿ, ಜೊಮ್ಯಾಟೋದ ಹುಡುಗರು ಮೊಬೈಲ್ ತೋರಿಸುತ್ತಾ ನಿಂತಿರುತ್ತಾರೆ, ಅವರಿಗೂ ಆತುರ, ತಡವಾದರೆ ಏಟು ಬೀಳುವುದು ಅವರಿಗೇ. ಆರು ಕಾಫಿಯ ಪಾರ್ಸೆಲ್ ಮುಚ್ಚಳ ಒತ್ತಿ ಚೀಲಕ್ಕೆ ಹಾಕುವಷ್ಟರಲ್ಲಿ ಮುಂದೆ ನಿಂತ ಹತ್ತು ಜನರ ತಾಳ್ಮೆ ಮುಗಿದಿರುತ್ತದೆ.

ಲೋಟ ತೊಳೆಯುವ ಜಾಗಕ್ಕೆ ಗಿರಾಕಿಗಳು ಇಣುಕುವುದು ಕಡಿಮೆ, ಮಾಲೀಕರು ಇನ್ನೂ ಕಡಿಮೆ. ಹಾಲು ಮೆತ್ತಿದ ಲೋಟಕ್ಕೆ ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಪ್ರೋಟೀನು ಲೋಟಕ್ಕೆ ಅಂಟಿ ಕೂರುತ್ತದೆ. ಮೊದಲು ತಣ್ಣೀರಿನಲ್ಲಿ ಗಲಬರಿಸಬೇಕು, ಆಮೇಲೆ ಸೋಪು, ಆಮೇಲೆ ಹರಿಯುವ ನೀರು, ಕೊನೆಗೆ ಕೈ ಸುಡುವಂಥ ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ ಬೋರಲು ಹಾಕಬೇಕು. ಒಂದೇ ಬಕೆಟಿನ ನೀರಿನಲ್ಲಿ ನೂರು ಲೋಟ ಅದ್ದಿ ಎತ್ತಿದರೆ ಆ ಅಂಚಿನ ಕಲೆ ಹೋಗುವುದಿಲ್ಲ. ಹೀಗಾಗಲು ಮುಖ್ಯ ಕಾರಣ ಲೋಟಗಳೇ ಸಾಲದಿರುವುದು. ರಶ್ಶಿನಲ್ಲಿ 300 ಕಾಫಿ ಹೋಗುವ ಕಡೆ 60 ಲೋಟ ಇದ್ದರೆ ಪ್ರತಿ ಲೋಟವೂ ಐದು ಸಲ ತೊಳೆದು ಬರಬೇಕು. ತೊಳೆಯುವವರು ಒಬ್ಬರೇ. ಲೋಟ ಇನ್ನೂ ನೂರು ತಂದರೆ ಕೆಲಸದ ಒತ್ತಡ ಅರ್ಧಕ್ಕರ್ಧ ಇಳಿಯುತ್ತದೆ. ಒಮ್ಮೆ ಹಾಕಿದ ದುಡ್ಡು ವರ್ಷಗಟ್ಟಲೆ ಬಾಳುತ್ತದೆ. ಇಷ್ಟು ಮಾಡದ ಮಾಲೀಕರು ಮೊಬೈಲ್ ಆ್ಯಪಿನಲ್ಲಿ ಜಾಹೀರಾತಿಗೆ ದುಡ್ಡು ಸುರಿಯುವುದು ನೋಡಿದರೆ ಬೇಸರವಾಗುತ್ತದೆ.

ಬೈಟು ಕಾಫಿ ಕೊಡುವುದಿಲ್ಲ ಅನ್ನುವ ಬೋರ್ಡು ಈಗ ಹಲವು ಕಡೆ ಕಾಣುತ್ತದೆ. ಎರಡು ಲೋಟ, ಎರಡು ಸಲ ತೊಳೆಯುವ ಕೆಲಸ, ನಿಲ್ಲುವ ಜಾಗ ಇಬ್ಬರಿಗೆ, ಅವರ ಲೆಕ್ಕ ಅರ್ಥವಾಗುತ್ತದೆ. ಆದರೆ ಬೈಟು ಈ ಊರಿನ ಸ್ನೇಹದ ರೀತಿ. ಎರಡು ಮೂರು ರೂಪಾಯಿ ಜಾಸ್ತಿ ತೆಗೆದುಕೊಂಡು, ಅದನ್ನು ದರಪಟ್ಟಿಯಲ್ಲೇ ಬರೆದು ಕೊಡುವುದು ನ್ಯಾಯ. ಚಿಲ್ಲರೆಯ ವಿಷಯದಲ್ಲೂ ಹಾಗೆಯೇ. 2025ರ ಜುಲೈಯಲ್ಲಿ ಯುಪಿಐ ಲೆಕ್ಕದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸು ಬಂದಾಗ ಬೆಂಗಳೂರಿನ ಎಷ್ಟೋ ಸಣ್ಣ ಅಂಗಡಿಗಳು ಕ್ಯೂಆರ್ ಕೋಡ್ ತೆಗೆದು "ಕ್ಯಾಶ್ ಮಾತ್ರ" ಅಂತ ಹಚ್ಚಿದವು. ಕ್ಯಾಶ್ ಮಾತ್ರ ಅಂದಮೇಲೆ ಚಿಲ್ಲರೆ ಇಟ್ಟುಕೊಳ್ಳುವ ಹೊಣೆ ಅಂಗಡಿಯದ್ದು. ಐದು ರೂಪಾಯಿಗೆ ಬದಲು ಚಾಕಲೇಟ್ ಕೊಡುವುದು ಬೇಡ.

ಇಷ್ಟಾದ ಮೇಲೂ ನಿಜವಾದ ಒರಟುತನ ಅಂತ ಒಂದು ಇದ್ದೇ ಇದೆ. ಅದರ ಹಿಂದೆ ಸಾಮಾನ್ಯವಾಗಿ ದಣಿವಿದೆ. ಹೋಟೆಲು ಬೆಳಗ್ಗೆ ಆರಕ್ಕೆ ತೆರೆದು ರಾತ್ರಿ ಹತ್ತಕ್ಕೆ ಮುಚ್ಚುತ್ತದೆ. ತೆರೆಯುವಾಗಲೂ ಮುಚ್ಚುವಾಗಲೂ ಅದೇ ಹುಡುಗ ನಿಂತಿರುತ್ತಾನೆ, ನಡುವೆ ಮಧ್ಯಾಹ್ನ ಮೇಲಿನ ಕೋಣೆಯಲ್ಲಿ ಎರಡು ಗಂಟೆ ಮಲಗುತ್ತಾನೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಬರೆದಿದ್ದು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ, ಹೆಚ್ಚುವರಿ ಕೆಲಸಕ್ಕೆ ಎರಡರಷ್ಟು ಕೂಲಿ. ಹದಿಮೂರನೇ ಗಂಟೆಯಲ್ಲಿ ನಿಂತವನಿಂದ ನಗುಮುಖ ಬಯಸುವ ಹಕ್ಕು ಮಾಲೀಕರಿಗಿಲ್ಲ, ನಮಗೂ ಇಲ್ಲ.

ಭಾಷೆಯದ್ದು ಇನ್ನೊಂದು. ಕುಂದಾಪುರ, ಉಡುಪಿ ಕಡೆಯಿಂದ ಹುಡುಗರು ಬರುತ್ತಿದ್ದ ಕಾಲ ಹಿಂದಾಯಿತು. ಈಗ ಕೌಂಟರಿನ ಹಿಂದೆ ಒಡಿಶಾ, ಬಿಹಾರ, ಅಸ್ಸಾಂ, ನೇಪಾಳದವರೂ ಇದ್ದಾರೆ. "ಸಕ್ಕರೆ ಕಮ್ಮಿ, ಡಿಕಾಕ್ಷನ್ ಜಾಸ್ತಿ" ಅನ್ನುವುದು ಅವರಿಗೆ ಅರ್ಥವಾಗದೆ, ಅರ್ಥವಾಗಿಲ್ಲ ಅಂತ ಹೇಳಲೂ ಬಾರದೆ, ಸುಮ್ಮನೆ ಮಾಮೂಲಿ ಕಾಫಿ ಮುಂದೆ ತಳ್ಳುತ್ತಾರೆ. ಕೌಂಟರಿಗೆ ಬೇಕಾದ ಕನ್ನಡ ಹದಿನೈದಿಪ್ಪತ್ತು ಮಾತು. ಎಷ್ಟು, ಸಕ್ಕರೆ ಬೇಕಾ, ಸ್ಟ್ರಾಂಗಾ ಲೈಟಾ, ಎರಡು ನಿಮಿಷ, ತಪ್ಪಾಯ್ತು, ಬೇರೆ ಕೊಡ್ತೀನಿ. ಕೆಲಸಕ್ಕೆ ಸೇರಿಸಿಕೊಂಡ ಮೊದಲ ವಾರವೇ ಇವನ್ನು ಕಲಿಸುವುದು ಮಾಲೀಕರ ಕೆಲಸ. ಗಿರಾಕಿ ಆ ಹುಡುಗನ ಮೇಲೆ ರೇಗಿದರೆ ಏನೂ ಹುಟ್ಟುವುದಿಲ್ಲ.

ಹಾಗಾದರೆ ಕೆಟ್ಟ ಕಾಫಿ ಕೈಗೆ ಬಂದಾಗ ಏನು ಮಾಡಬೇಕು? ಒಂದು ಗುಟುಕು ಕುಡಿದ ಕೂಡಲೇ ಹೇಳಿ, ಅರ್ಧ ಲೋಟ ಮುಗಿಸಿ ಹೇಳಿದರೆ ಯಾರೂ ಒಪ್ಪುವುದಿಲ್ಲ. "ಕಾಫಿ ಸರಿಯಿಲ್ಲ" ಅನ್ನಬೇಡಿ. "ಅಣ್ಣಾ, ಹಾಲು ಸೀದಿದೆ", "ಆರಿಹೋಗಿದೆ", "ಲೋಟ ತೊಳೆದಿಲ್ಲ" ಅಂತ ಏನಾಗಿದೆಯೋ ಅದನ್ನೇ ಹೇಳಿ. ಆಗಲಿಲ್ಲವಾದರೆ ಲೋಟ ಹಿಡಿದುಕೊಂಡೇ ಗಲ್ಲಾದ ಹತ್ತಿರ ಹೋಗಿ, ಯಜಮಾನರಿಗೋ ಮ್ಯಾನೇಜರಿಗೋ ತೋರಿಸಿ. ಕಾಫಿಯವನಿಗೆ ಇನ್ನೊಂದು ಲೋಟ ಪುಕ್ಕಟೆ ಕೊಡುವ ಅಧಿಕಾರ ಬಹಳ ಕಡೆ ಇಲ್ಲ, ಟೋಕನ್ ಲೆಕ್ಕ ಅವನ ತಲೆಗೆ ಬರುತ್ತದೆ. ಆನ್‌ಲೈನಿನಲ್ಲಿ ಬರೆಯುವುದಾದರೆ ದಿನ, ಹೊತ್ತು, ಏನು ಕೆಟ್ಟಿತ್ತು ಅಷ್ಟು ಬರೆಯಿರಿ. ಹುಡುಗನ ಫೋಟೋ ಹಾಕಬೇಡಿ.

ದುಡ್ಡಿನ ವಿಷಯಕ್ಕೆ ಬೇರೆ ದಾರಿಗಳಿವೆ. ಬಿಲ್ಲಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು ಇರಬೇಕು, 2022ರ ಜನವರಿಯಿಂದ ಇದು ಕಡ್ಡಾಯ. ಕೊಳಕಿನ ಬಗ್ಗೆ ದೂರು ಕೊಡುವಾಗ ಆ ನಂಬರು ಬೇಕಾಗುತ್ತದೆ. ಕಾಂಪೋಸಿಷನ್ ಪದ್ಧತಿಯಲ್ಲಿರುವ, ಅಂದರೆ ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆಯನ್ನು ತಾನೇ ಕಟ್ಟುವ, ಸಣ್ಣ ಹೋಟೆಲು ಗಿರಾಕಿಯಿಂದ ಜಿಎಸ್‌ಟಿ ಅಂತ ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ಕುರ್ಚಿ, ಏಸಿ ಇರುವ ಕೆಫೆಗಳಲ್ಲಿ ಬಿಲ್ಲಿಗೆ ತಾನೇ ಸೇರಿಕೊಳ್ಳುವ ಸರ್ವಿಸ್ ಚಾರ್ಜನ್ನು ಕಡ್ಡಾಯ ಮಾಡಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೇಳಿತು, 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಅಂತ ಕೇಳಿ, ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಮಾಲೀಕರಿಗೆ ಒಂದು ಲೆಕ್ಕ. ಹಾಲು ಲೀಟರಿಗೆ 50 ರೂಪಾಯಿ ಅಂತ ಇಟ್ಟುಕೊಳ್ಳಿ, 90 ಮಿಲಿಗೆ ನಾಲ್ಕೂವರೆ ರೂಪಾಯಿ. ಪುಡಿ ಕೆಜಿಗೆ 800 ಅಂದರೆ 6 ಗ್ರಾಮಿಗೆ ಐದು ರೂಪಾಯಿಗೂ ಕಡಿಮೆ. ಸಕ್ಕರೆಗೆ ಐವತ್ತು ಪೈಸೆಯೂ ಇಲ್ಲ. ಒಂದು ಕೆಟ್ಟ ಲೋಟ ವಾಪಸ್ ಪಡೆದು ಒಳ್ಳೆಯದು ಕೊಡಲು ಸಾಮಗ್ರಿಯ ಖರ್ಚು ಹತ್ತು ರೂಪಾಯಿ. ಕೇಳದೆಯೇ ಬದಲಿಸಿ ಕೊಡುವ ಅಧಿಕಾರವನ್ನು ದಿನಕ್ಕೆ ಇಪ್ಪತ್ತು ಲೋಟದವರೆಗೆ ಕಾಫಿಯವನ ಕೈಗೇ ಬಿಟ್ಟುಬಿಡಿ, ಅವನು ಒಪ್ಪಿಸಬೇಕಾದ ಟೋಕನ್ ಲೆಕ್ಕದಲ್ಲಿ ಅಷ್ಟನ್ನು ಬಿಟ್ಟುಬಿಡಿ. ಇಪ್ಪತ್ತರಲ್ಲಿ ಎಷ್ಟು ಹೋಯಿತು, ಯಾವ ಹೊತ್ತಿಗೆ ಹೋಯಿತು ಅಂತ ರಾತ್ರಿ ನೋಡಿದರೆ ಎರಡನೇ ಫಿಲ್ಟರಿಗೆ ಎಷ್ಟು ಹೊತ್ತಿಗೆ ಪುಡಿ ಹಾಕಬೇಕಿತ್ತು ಅನ್ನುವುದೂ ಅದರಲ್ಲೇ ಗೊತ್ತಾಗುತ್ತದೆ.